ನಳಪಾಕ ಬರೆದವನು ನಳನೇ?

ಊಟ ಬಾಯಿಗೆ ಹಿತವಾದರೆ ‘ನಳಪಾಕ’ವೆಂದು ಹೊಗಳುವುದು, ಮದುವೆಮನೆಯ ಅಡಿಗೆಯಾದರೆ ಭೀಮನನ್ನೂ ಜೊತೆಗೆ ಸೇರಿಸಿ ‘ನಳಭೀಮಪಾಕ’ವೆನ್ನುವುದು ನಮ್ಮವರ ರೂಢಿ. ನಾಗಪುರಕ್ಕೆ ಬಂದು ನೆಲೆಸಿದ ನಮಗೆ ಈ ಮಾತಿನ ಮೇಲೆ ಸ್ವಲ್ಪ ಹೆಚ್ಚಿನ ಹಕ್ಕುಂಟು. ದಮಯಂತಿ ವಿದರ್ಭದ ಮಗಳು. ಅವಳ ತಂದೆಯ ರಾಜಧಾನಿಯಾದ ಕುಂಡಿನಪುರವೆಂದರೆ ಅಮರಾವತಿ ಜಿಲ್ಲೆಯಲ್ಲಿ ವರ್ಧಾ ನದಿಯ ದಡದಲ್ಲಿರುವ ಕೌಂಡಿಣ್ಯಪುರವೇ ಎಂದು ಇಲ್ಲಿಯ ಜನ ನಂಬುತ್ತಾರೆ. ಅಂದರೆ ನಾವು ಬಾಡಿಗೆಗೋ ಸ್ವಂತಕ್ಕೋ ಮನೆ ಮಾಡಿಕೊಂಡಿರುವುದು ನಳಮಹಾರಾಜನ ಮಾವನ ಸೀಮೆಯಲ್ಲಿ! ಆ ಮಾವನ ಹೆಸರೂ ಭೀಮನೇ. ವಿರಾಟನ ಅಡಿಗೆಮನೆಯಲ್ಲಿ ವಲಲನಾಗಿ ಸೌಟು ಹಿಡಿದ ಭೀಮ ಬೇರೆ, ಗೊಂದಲ ಬೇಡ.

ನಳನ ಹೆಸರಿನಲ್ಲಿ ‘ಪಾಕದರ್ಪಣ’ವೆಂಬ ಒಂದು ಸಂಸ್ಕೃತ ಗ್ರಂಥವಿದೆ. ಹನ್ನೊಂದು ಪ್ರಕರಣಗಳು, ಅಯೋಧ್ಯೆಯ ಋತುಪರ್ಣರಾಜನೊಡನೆ ನಡೆದ ಸಂಭಾಷಣೆಯ ರೂಪ. ಅನ್ನ, ಬೇಳೆ, ಪಲ್ಯ, ಮಾಂಸ, ಪಾಯಸ, ಪಾನಕ ಎಲ್ಲವೂ ಉಂಟು. ಇತ್ತೀಚೆಗೆ ಇದರ ಹೆಸರು ಮತ್ತೆ ಮತ್ತೆ ಕೇಳಿಬರುತ್ತಿದೆ. ಅದರಲ್ಲಿ ಬರುವ ಮಾಂಸೋದನವನ್ನು ತೋರಿಸಿ, ಬಿರಿಯಾನಿಯನ್ನು ನಳನೇ ಮಾಡಿದ್ದನೆಂದು ಒಬ್ಬರು ಹೇಳಿದರೆ, ನಳನೂ ಕಟ್ಟುಕಥೆ, ಅವನ ಪುಸ್ತಕವೂ ಕಟ್ಟುಕಥೆ ಎಂದು ಇನ್ನೊಬ್ಬರು ತಳ್ಳಿಹಾಕುತ್ತಾರೆ. ಇಬ್ಬರಿಗೂ ಅವಸರ ಹೆಚ್ಚಾಯಿತೆಂದು ನನ್ನ ಅಭಿಪ್ರಾಯ.

ನಿಜ ನೋಡಿದರೆ ನಳನನ್ನು ಮೊಟ್ಟಮೊದಲು ಸಂದೇಹಿಸಿದವಳು ದಮಯಂತಿಯೇ. ಮಹಾಭಾರತದ ವನಪರ್ವದಲ್ಲಿ ಈ ಕಥೆ ಬರುತ್ತದೆ. ಕಾರ್ಕೋಟಕನ ವಿಷದಿಂದ ರೂಪಗೆಟ್ಟ ನಳ, ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣನ ಸಾರಥಿಯಾಗಿ ಸೇರಿಕೊಂಡಿರುತ್ತಾನೆ. ದಮಯಂತಿಗೆ ಎರಡನೆಯ ಸ್ವಯಂವರವೆಂಬ ಸುದ್ದಿ ಕೇಳಿ ಇಬ್ಬರೂ ಕುಂಡಿನಪುರಕ್ಕೆ ಬರುತ್ತಾರೆ. ದಮಯಂತಿ ಕೇಶಿನಿಯೆಂಬ ದಾಸಿಯನ್ನು ಕಳುಹಿಸಿ ಈ ಕುಳ್ಳ ಸಾರಥಿಯ ಪೂರ್ವಾಪರ ವಿಚಾರಿಸುತ್ತಾಳೆ. ಅವನು ದಿಟ್ಟಿಸಿದರೆ ಬರಿದಾದ ಕೊಡ ತುಂಬುತ್ತದೆ, ಹುಲ್ಲು ಹಿಡಿದರೆ ಬೆಂಕಿ ತಾನಾಗಿ ಹೊತ್ತಿಕೊಳ್ಳುತ್ತದೆ ಎಂದು ಕೇಶಿನಿ ಬಂದು ಹೇಳಿದಳು. ಅಷ್ಟಕ್ಕೇ ಒಪ್ಪಲಿಲ್ಲ ದಮಯಂತಿ. ಅವನು ಬೇಯಿಸಿದ ಮಾಂಸವನ್ನು ತರಿಸಿ ನಾಲಗೆಯ ಮೇಲಿಟ್ಟುಕೊಂಡಳು. ಆಮೇಲೆ ಅವಳಿಗೆ ಗುರುತು ಹತ್ತಿತು. ಅದಕ್ಕೂ ಮೇಲೆ ಮಕ್ಕಳನ್ನು ಕಳುಹಿಸಿ ಇನ್ನೊಂದು ಸಲ ಪರೀಕ್ಷಿಸಿದಳು. ಬಾಯಿಮಾತನ್ನು ನಂಬದೆ ಮಾದರಿಯನ್ನು ತರಿಸಿ ನೋಡುವ ಈ ಕ್ರಮವನ್ನು ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನಾನು ಮೆಚ್ಚದೆ ಇರಲಾರೆ.

ಗ್ರಂಥದ ವಿಷಯದಲ್ಲೂ ಅದೇ ಕ್ರಮ ಹಿಡಿಯೋಣ. ಮಹಾಭಾರತದಲ್ಲಿ ನಳನ ಅಡಿಗೆಯ ರುಚಿಯ ಮಾತಿದೆ, ಮಾಡುವ ವಿಧಾನ ಒಂದೂ ಇಲ್ಲ. ಮೇಲಾಗಿ ಅಯೋಧ್ಯೆಯಲ್ಲಿದ್ದಷ್ಟು ದಿನವೂ ಅವನು ಬಾಹುಕ. ನಳನೆಂದು ಋತುಪರ್ಣನಿಗೆ ತಿಳಿದದ್ದು ವಿದರ್ಭಕ್ಕೆ ಬಂದ ಮೇಲೆ. ಹಾಗಿದ್ದರೆ ನಳನೆಂಬ ಹೆಸರಿನಲ್ಲೇ ಕುಳಿತು ಪಾಕಪಾಠ ಹೇಳಿದ್ದು ಎಲ್ಲಿ, ಯಾವಾಗ? ವಿದ್ವಾಂಸರು ಇದನ್ನು ಮಹಾಭಾರತಕ್ಕಿಂತ ಬಹಳ ಈಚಿನದು, ಮಧ್ಯಯುಗದ್ದು ಎಂದು ಎಣಿಸುವುದರಲ್ಲಿ ಆಶ್ಚರ್ಯವಿಲ್ಲ.

ನನಗೆ ಇದಕ್ಕಿಂತ ಬಲವಾಗಿ ಕಾಣುವ ಸಾಕ್ಷ್ಯ ಇನ್ನೊಂದಿದೆ. ಪಾಕದರ್ಪಣ ಅನ್ನದ ಎಂಟು ದೋಷಗಳನ್ನು ಹೇಳುತ್ತದೆ. ಅನ್ನ ಲೋಳೆಯಾಗಬಾರದು, ತಳ ಹಿಡಿದು ಸೀಯಬಾರದು, ಕಸಕಡ್ಡಿ ಸೇರಬಾರದು, ಕಾಲಕ್ಕೆ ಒಗ್ಗದ್ದಾಗಬಾರದು — ಹೀಗೆ. ಈಗ ಯೋಚಿಸಿ. ಕಥೆಯ ನಳನಿಗೆ ಅಗ್ನಿ ಕರೆದಲ್ಲಿಗೆ ಬರುತ್ತಾನೆ, ವರುಣ ಬಯಸಿದಲ್ಲಿ ನೀರು ಕೊಡುತ್ತಾನೆ, ಅನ್ನಕ್ಕೆ ರುಚಿಯನ್ನು ಸ್ವತಃ ಯಮನೇ ವರವಾಗಿ ಕೊಟ್ಟಿದ್ದಾನೆ. (ಸಿಲಿಂಡರ್ ಬುಕ್ ಮಾಡಿ ದಾರಿ ಕಾಯುವ ನಮ್ಮ ಗೃಹಿಣಿಯರು ಈ ವರಗಳನ್ನು ಗಮನಿಸಬೇಕು.) ಅಂಥವನಿಗೆ ಅನ್ನ ಸೀಯುವ ಭಯವೆಲ್ಲಿಯದು? ಸೀದ ಅನ್ನದ ವಾಸನೆ ಗೊತ್ತಿದ್ದವನು, ಹಸಿ ಸೌದೆಯ ಹೊಗೆಯಲ್ಲಿ ಕಣ್ಣೊರೆಸಿಕೊಂಡವನು, ಯಜಮಾನನ ಬೈಗುಳಕ್ಕೆ ಹೆದರಿದವನು ಮಾತ್ರ ಇಂಥ ಪಟ್ಟಿ ಮಾಡಬಲ್ಲ. ಆದ್ದರಿಂದ ಪುಸ್ತಕದ ಮೇಲಿನ ಹೆಸರು ಸುಳ್ಳಾದರೂ ಒಳಗಿನ ಅಡಿಗೆ ಸುಳ್ಳಲ್ಲ. ಯಾರೋ ಒಬ್ಬ ಬಾಣಸಿಗನ, ಅಥವಾ ಹಲವು ತಲೆಮಾರಿನ ಬಾಣಸಿಗರ ಅನುಭವ ಅಲ್ಲಿದೆ. ತಮ್ಮ ಹೆಸರು ಹೇಳಿದರೆ ಕೇಳುವವರಿಲ್ಲವೆಂದು ನಳನ ಹೆಸರಿಟ್ಟರೋ, ಆಮೇಲೆ ಬಂದ ಪಂಡಿತರು ಇಟ್ಟರೋ, ಅಂತೂ ಮಾಡಿದವರು ಮರೆಯಾದರು.

ನಮ್ಮ ಕಡೆ ರಾಜರ ಹೆಸರಿನ ಪಾಕಗ್ರಂಥಗಳಿಗೆ ಕೊರತೆಯಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲಿ (ಸುಮಾರು 1129) ಅನ್ನಭೋಗವೆಂಬ ಭಾಗವೇ ಇದೆ. ಇಡ್ಲಿಯ ಪೂರ್ವಜನೆನ್ನಬಹುದಾದ ‘ಇಡ್ಡರಿಕಾ’ ಬರುವುದು ಅಲ್ಲಿಯೇ. ಅದಕ್ಕೆ ಬೇಕಾದದ್ದು ಉದ್ದು ಮಾತ್ರ, ಅಕ್ಕಿಯಿಲ್ಲ. ಚಕ್ರವರ್ತಿ ಸ್ವತಃ ಉದ್ದು ರುಬ್ಬಿ ನೋಡಿದನೆಂದು ಯಾರೂ ಹೇಳಲಾರರು. ‘ಭೋಗ’ವೆಂಬ ಮಾತೇ ತಿಳಿಸುವಂತೆ ಅದು ಉಣ್ಣುವವನ ಮಣೆಯ ಮೇಲೆ ಕುಳಿತು ಬರೆಸಿದ್ದು.

ಕಲ್ಲಹಳ್ಳಿಯ ಪ್ರಭು ಮೂರನೆಯ ಮಂಗರಸನ ಕನ್ನಡ ‘ಸೂಪಶಾಸ್ತ್ರ’ದ (ಸುಮಾರು 1508) ಮಾತು ಬೇರೆ. ಈತ ‘ಜಯನೃಪಕಾವ್ಯ’, ‘ಸಮ್ಯಕ್ತ್ವಕೌಮುದಿ’ಗಳನ್ನು ಬರೆದ ಪ್ರಸಿದ್ಧ ಜೈನಕವಿ, ಊರು, ಕಾಲ, ಮತ ಎಲ್ಲ ಗೊತ್ತಿರುವವನು. ಅವನ ಪುಸ್ತಕದಲ್ಲಿ ಮಾಂಸದ ಸುಳಿವಿಲ್ಲ. ಬದನೆ, ಹಲಸು, ಬಾಳೆ, ಕಳಲೆಗಳ ವೈಭವ ಮಾತ್ರ ಹೇಳತೀರದು. ಬರೆದವನ ಬಾಳಿಗೂ ಬರೆದ ಅಡಿಗೆಗೂ ಹೊಂದಾಣಿಕೆ ಇರುವುದರಿಂದ ಸಂದೇಹಕ್ಕೆ ಹೆಚ್ಚು ಎಡೆಯಿಲ್ಲ. ಕನ್ನಡಿಗರು ನಳನ ಹೆಸರು ಹೇಳುವಷ್ಟು ಸಲ ಮಂಗರಸನ ಹೆಸರು ಹೇಳುವುದಿಲ್ಲವೆಂಬುದು ನನಗೆ ಬೇಸರದ ಸಂಗತಿ.

ಅಡಿಗೆಯವನ ಹೆಸರೇ ಉಳಿದ ಉದಾಹರಣೆಯೂ ಒಂದುಂಟು. ಮೈಸೂರುಪಾಕನ್ನು ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯಲ್ಲಿ ಕಾಕಾಸುರ ಮಾದಪ್ಪನವರು ಮೊದಲು ಮಾಡಿದರೆಂದು ಅವರ ವಂಶಸ್ಥರು ಹೇಳುತ್ತಾರೆ. ಇದನ್ನು ಪ್ರಶ್ನಿಸುವವರೂ ಇದ್ದಾರೆ, ಪ್ರಶ್ನಿಸಲಿ. ಇಲ್ಲಿ ವಾದ ನಡೆಯುವುದು ದೊರೆಯ ಹೆಸರಿನ ಮೇಲಲ್ಲ, ಒಲೆಯ ಮುಂದೆ ನಿಂತವರ ಹೆಸರಿನ ಮೇಲೆ ಎಂಬುದೇ ಸಂತೋಷ.

ಪರಊರಿನಲ್ಲಿರುವ ನಮ್ಮ ಮನೆಗಳಲ್ಲೂ ಒಂದೊಂದು ಪಾಕದರ್ಪಣವಿದೆ. ಊರಿನಿಂದ ಹೊರಡುವಾಗ ತಾಯಿಯೋ ಅತ್ತೆಯೋ ಬರೆದುಕೊಟ್ಟ ಸಾರಿನಪುಡಿಯ ಲೆಕ್ಕ, ಎಣ್ಣೆ ಜಿಡ್ಡು ಹತ್ತಿದ ಚೀಟಿ. ನಮ್ಮ ಮನೆಯ ಚೀಟಿಯಲ್ಲಿ ಕೊತ್ತಂಬರಿ ಬೀಜ ಎಷ್ಟು ಪಾವು, ಮೆಂತ್ಯ ಎಷ್ಟು ಚಮಚ ಎಂಬುದೆಲ್ಲ ಸರಿಯಾಗಿದೆ. ಬರೆದವರ ಹೆಸರಿಲ್ಲ, ತಾರೀಖಿಲ್ಲ. ಕಛೇರಿಯಲ್ಲಾದರೆ ಇಂಥ ಕಾಗದವನ್ನು ಸಹಿಗಾಗಿ ಹಿಂದಕ್ಕೆ ಕಳುಹಿಸುತ್ತೇವೆ. ಬರುವ ರಜೆಯಲ್ಲಿ ಊರಿಗೆ ಹೋದಾಗ ಅತ್ತೆಯವರ ಕೈಯಿಂದಲೇ ಅದರ ಕೆಳಗೆ ಹೆಸರು ಬರೆಯಿಸಿಕೊಂಡು ಬರಬೇಕೆಂದಿದ್ದೇನೆ.