16 ಮೆಗಾಬೈಟಿನ ಜಾಗ

ಕಳೆದ ಮಳೆಗಾಲದಲ್ಲಿ ನನ್ನ ಸಂಶೋಧನಾ ಪ್ರಬಂಧದ ಮೂರನೆಯ ಅಧ್ಯಾಯ ನಡೆದಿತ್ತು. ಶಾಸನಗಳ ಫೋಟೋ ತುಂಬಿದ ಫೋಲ್ಡರ್ ತೆರೆದರೆ ಸಾಕು, ಕಂಪ್ಯೂಟರು ಏದುಸಿರು ಬಿಡುತ್ತಿತ್ತು. ಹೊಸದು ಕೊಳ್ಳಲು ಫೆಲೋಶಿಪ್ ಹಣ ಸಾಲದು. ಮದರ್‌ಬೋರ್ಡು ಇದ್ದದ್ದೇ ಇರಲಿ, ಪ್ರೊಸೆಸರ್ ಮಾತ್ರ ಬದಲಿಸೋಣವೆಂದು ಹಳೆಯದನ್ನು ಹಾಸ್ಟೆಲಿನ ಜೂನಿಯರ್ ಒಬ್ಬಳಿಗೆ ಮಾರಿ, ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಹೊಸದನ್ನು ತಂದು ಕೂರಿಸಿದೆ. ಫ್ಯಾನು ತಿರುಗಿತು. ಪರದೆ ಕಪ್ಪಾಗಿಯೇ ಇತ್ತು. ಅಂಗಡಿಗೆ ಫೋನು ಮಾಡಿದರೆ, “ಬಯೋಸ್ ಹಳೇದಿರ್ಬೇಕು ಮೇಡಂ. ಹಳೇ ಪ್ರೊಸೆಸರ್ ಹಾಕಿ ಅಪ್‌ಡೇಟ್ ಮಾಡ್ಕೊಳ್ಳಿ, ಆಮೇಲೆ ಇದನ್ನ ಹಾಕಿ” ಎಂದರು. ಮಾರಿದ್ದನ್ನೇ ಒಂದು ರಾತ್ರಿಗೆ ಸಾಲ ಕೇಳಲು ಅವಳ ಕೋಣೆಯ ಬಾಗಿಲು ತಟ್ಟಬೇಕಾಯಿತು.

ಪಿನ್ನುಗಳೆಲ್ಲ ಸರಿಯಾಗಿ ಕೂತರೂ ಪ್ರೊಸೆಸರ್ ಏಕೆ ಎಚ್ಚರಗೊಳ್ಳಲಿಲ್ಲ? ಕಂಪ್ಯೂಟರಿಗೆ ವಿದ್ಯುತ್ ಹರಿದೊಡನೆ ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಇನ್ನೂ ಇರುವುದಿಲ್ಲ. ಬೋರ್ಡಿನ ಮೇಲೊಂದು ಪುಟ್ಟ ಚಿಪ್ಪಿರುತ್ತದೆ. ಅದರಲ್ಲಿರುವ ತಂತ್ರಾಂಶವನ್ನು ನಾವು ಬಯೋಸ್ ಎನ್ನುತ್ತೇವೆ. ಯಾವ ಪ್ರೊಸೆಸರ್ ಕೂತಿದೆ ಎಂದು ಗುರುತಿಸಿ, ಮೆಮೊರಿಯನ್ನು ಸಿದ್ಧಗೊಳಿಸಿ, ಡಿಸ್ಕಿನ ದಾರಿ ತೋರುವುದು ಅದರ ಕೆಲಸ. ಪ್ರೊಸೆಸರ್ ಹುಟ್ಟುವ ಮೊದಲೇ ಬರೆದಿಟ್ಟ ಬಯೋಸಿಗೆ ಅದರ ಗುರುತು ಸಿಗುವುದಿಲ್ಲ. ಗುರುತು ಕಲಿಸಬೇಕೆಂದರೆ ಕಂಪ್ಯೂಟರು ಮೊದಲು ಶುರುವಾಗಬೇಕು!

ಬಯೋಸ್ ಎಂಬ ಹೆಸರು 1970ರ ದಶಕದ್ದು. ಗ್ಯಾರಿ ಕಿಲ್ಡಾಲ್ ತನ್ನ ಸಿಪಿ/ಎಂ ಕಾರ್ಯಾಚರಣ ವ್ಯವಸ್ಥೆಯ ಒಂದು ಭಾಗಕ್ಕೆ ಕೊಟ್ಟದ್ದು. 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಅದು 8 ಕಿಲೋಬೈಟಿನ, ಅಳಿಸಲಾಗದ ರಾಮ್ ಅಲ್ಲದ ರೋಮ್ ಚಿಪ್ಪಿನಲ್ಲಿ ಕೂತಿತ್ತು. ಆ ಆರಂಭದ ಬಯೋಸಿಗೆ ಹಾರ್ಡ್‌ಡಿಸ್ಕ್ ಕಾರ್ಡುಗಳ ಮೇಲಿನ ರೋಮನ್ನು ಹುಡುಕಿ ಓದುವುದು ತಿಳಿದಿರಲಿಲ್ಲ. 1982ರ ಅಕ್ಟೋಬರ್ 27ರ ದಿನಾಂಕ ಹೊತ್ತ ಆವೃತ್ತಿಗೆ ತಿಳಿದಿತ್ತು. ಹಳೆಯ ಪಿಸಿ ಇದ್ದವರು ಪೆಟ್ಟಿಗೆ ಬಿಚ್ಚಿ, ಹಳೆ ಚಿಪ್ಪು ಕಿತ್ತು ಹೊಸದನ್ನು ಒತ್ತಿ ಕೂರಿಸಬೇಕಿತ್ತು. ಅಂದಿನ ಅಪ್‌ಡೇಟ್ ಎಂದರೆ ಇಷ್ಟೇ, ಕೈಗೆ ಸಿಗುವಂಥದ್ದು.

ತೋಷಿಬಾದ ಫುಜಿಯೊ ಮಸುವೊಕಾ 1980ರ ದಶಕದಲ್ಲಿ ರೂಪಿಸಿದ ಫ್ಲಾಶ್ ಮೆಮೊರಿ ಈ ಕಷ್ಟ ತಪ್ಪಿಸಿತು. ಚಿಪ್ಪು ಇದ್ದಲ್ಲೇ ಇರುತ್ತದೆ, ಬರಹ ಮಾತ್ರ ಬದಲಾಗುತ್ತದೆ. ನಾವು ಬರೆಯಬಹುದಾದರೆ ಬೇರೆಯವರೂ ಬರೆಯಬಹುದಲ್ಲ? ತೈವಾನಿನ ವಿದ್ಯಾರ್ಥಿಯೊಬ್ಬ ಸೃಷ್ಟಿಸಿದ ಸಿಐಎಚ್ ವೈರಸ್ 1999ರ ಏಪ್ರಿಲ್ 26ರಂದು ಅನೇಕ ಕಂಪ್ಯೂಟರುಗಳ ಬಯೋಸನ್ನೇ ಕೆಡಿಸಿತು.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇತ್ತೀಚಿನ ಕತೆ. 2017ರಲ್ಲಿ ಎಎಂಡಿ ಕಂಪನಿ ರೈಜೆನ್ ಪ್ರೊಸೆಸರುಗಳನ್ನು ತಂದಾಗ, ಅವು ಕೂರುವ ಎಎಂ4 ಸಾಕೆಟ್ಟನ್ನು 2020ರವರೆಗೆ ಮುಂದುವರಿಸುವುದಾಗಿ ಹೇಳಿತು. ಬೋರ್ಡು ಒಮ್ಮೆ ಕೊಂಡರೆ ಸಾಕೆಂದು ಜನ ನಂಬಿದರು. ಮರುವರ್ಷವೇ ಅಂಗಡಿಗಳಲ್ಲಿ ಹಳೆಯ ಬಯೋಸ್ ಹೊತ್ತು ಕೂತಿದ್ದ ಬೋರ್ಡುಗಳು ಹೊಸ ಪ್ರೊಸೆಸರುಗಳನ್ನು ಗುರುತಿಸದೆ ತಕರಾರು ಶುರುವಾಯಿತು. ಎಎಂಡಿ ಆಗ ಹಳೆಯ ಪ್ರೊಸೆಸರೊಂದನ್ನು ಗ್ರಾಹಕರಿಗೆ ಎರವಲು ಕಳಿಸುವ ವ್ಯವಸ್ಥೆ ಮಾಡಿತು. ಅಪ್‌ಡೇಟ್ ಮುಗಿಸಿ ಹಿಂತಿರುಗಿಸಬೇಕು. ನನ್ನ ಜೂನಿಯರ್ ಮಾಡಿದ್ದೂ ಅದನ್ನೇ!

ನಿಜವಾದ ಇಕ್ಕಟ್ಟು ಜಾಗದ್ದು. ಬಹಳಷ್ಟು ಎಎಂ4 ಬೋರ್ಡುಗಳ ಬಯೋಸ್ ಚಿಪ್ಪು 16 ಮೆಗಾಬೈಟಿನದು. ಐಬಿಎಂನ 8 ಕಿಲೋಬೈಟಿನ 2048 ಪಟ್ಟು, ಆದರೂ ಸಾಲಲಿಲ್ಲ. ಹೊಸ ತಲೆಮಾರು ಬಂದಾಗಲೆಲ್ಲ ಅದಕ್ಕೆ ಬೇಕಾದ ಕೋಡ್ ಸೇರುತ್ತಾ ಹೋಯಿತು. 2019ರಲ್ಲಿ ಎಂಎಸ್‌ಐ ಕೆಲವು ಬೋರ್ಡುಗಳಲ್ಲಿ ಬಯೋಸಿನ ಅಂದದ ಪರದೆಯನ್ನು ತೆಗೆದು ಸರಳವಾದದ್ದನ್ನಿಟ್ಟಿತು, ಹಳೆಯ ಎ-ಸರಣಿಯ ಪ್ರೊಸೆಸರುಗಳನ್ನೂ ಕೈಬಿಟ್ಟಿತು. ಮನೆಗೆ ನೆಂಟರು ಬಂದಾಗ ಅಟ್ಟ ಖಾಲಿ ಮಾಡಿದ ಹಾಗೆ.

2020ರ ಮೇ 7ರಂದು ಎಎಂಡಿ, ಬರಲಿರುವ ಜೆನ್ 3 ಪ್ರೊಸೆಸರುಗಳು ಬಿ450, ಎಕ್ಸ್470 ಬೋರ್ಡುಗಳಲ್ಲಿ ನಡೆಯುವುದಿಲ್ಲ ಎಂದಿತು. ಕಾರಣ, ಚಿಪ್ಪಿನ ಜಾಗದ ಮಿತಿ. ಆಗಷ್ಟೇ ಬಿ450 ಕೊಂಡವರು ಸುಮ್ಮನಿದ್ದಾರೆಯೇ? ಗದ್ದಲವೆದ್ದಿತು. ಮೇ 19ಕ್ಕೆ ಕಂಪನಿ ಮಾತು ಬದಲಿಸಿತು: ಬಯೋಸ್ ಕೊಡುತ್ತೇವೆ, ಆದರೆ ಜಾಗ ಮಾಡಲು ಹಳೆಯ ಹಲವು ಪ್ರೊಸೆಸರುಗಳ ಬೆಂಬಲ ತೆಗೆಯಬೇಕಾಗುತ್ತದೆ, ಒಮ್ಮೆ ಹಾಕಿದರೆ ಹಿಂದಿನದಕ್ಕೆ ಮರಳುವಂತಿಲ್ಲ. 12 ದಿನಗಳಲ್ಲಿ ಚಿಪ್ಪೇನೂ ಹಿಗ್ಗಿರಲಿಲ್ಲ. ಜಾಗದ ಮಿತಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಯಾವುದನ್ನು ಅಳಿಸಬೇಕು ಎಂಬುದು ಮಾತ್ರ ಮೊದಲಿನಿಂದಲೂ ಮನುಷ್ಯರ ತೀರ್ಮಾನವೇ ಆಗಿತ್ತು. 2022ರಲ್ಲಿ 2017ರ ಮೊದಲ ಬೋರ್ಡುಗಳಿಗೂ ಜೆನ್ 3 ಬೆಂಬಲ ಬಂತು.

ಹೊಸಬರಿಗೆ ಸಿಕ್ಕ ಈ ಗೆಲುವಿನಲ್ಲಿ ಲೆಕ್ಕಕ್ಕೆ ಬಾರದವರೂ ಇದ್ದಾರೆ. ಅಂಥ ಬೋರ್ಡನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು, ಸಿಕ್ಕ ಅಗ್ಗದ ಹಳೆ ಪ್ರೊಸೆಸರ್ ಹಾಕುವವರಿಗೆ ಅದೇ ಕಪ್ಪು ಪರದೆ ಎದುರಾಗಬಹುದು.

ಆ ರಾತ್ರಿ ಎರವಲು ಪ್ರೊಸೆಸರ್ ಕೂರಿಸಿ, ಥರ್ಮಲ್ ಪೇಸ್ಟ್ ಬಳಿದು, ಪೆನ್‌ಡ್ರೈವಿನಿಂದ ಅಪ್‌ಡೇಟ್ ಶುರುಮಾಡಿದೆ. ಹೊರಗೆ ಮಳೆ, ಕೋಣೆಯಲ್ಲಿ ಯುಪಿಎಸ್ ಇಲ್ಲ. ಬರಹದ ನಡುವೆ ಕರೆಂಟು ಹೋದರೆ ಬೋರ್ಡೇ ಸತ್ತಂತೆ. ಎಣಿಕೆ 100 ಮುಟ್ಟುವವರೆಗೆ ಇಬ್ಬರೂ ಮಾತಾಡಲಿಲ್ಲ. ಹೊಸ ಪ್ರೊಸೆಸರಿನಲ್ಲಿ ಪರದೆ ಬೆಳಗಿದ ಮೇಲೆ ಅವಳದನ್ನು ಒರೆಸಿ ಕೊಟ್ಟೆ. ಅಷ್ಟರಲ್ಲಿ ಅವಳು ತನ್ನ ಬೋರ್ಡಿನ ಬಯೋಸ್ ಪಟ್ಟಿ ತೆರೆದು, ಇತ್ತೀಚಿನ ಆವೃತ್ತಿಯ ಕೆಳಗಿನ ಸಣ್ಣಕ್ಷರದ ಎಚ್ಚರಿಕೆ ಓದುತ್ತಿದ್ದಳು.

“ಅಕ್ಕಾ, ನಾನಂತೂ ಇದನ್ನ ಮುಟ್ಟಲ್ಲ” ಎಂದಳು.