ಮನೆ ಬಾಡಿಗೆ ಮತ್ತು ಭೋಗ್ಯ: ನಂಜನಗೂಡು, ಟಿ. ನರಸೀಪುರದ ಹೊಸ ಮಾಲೀಕರಿಗೆ ಮಾಹಿತಿ

ಬಾಡಿಗೆಗೆ ನೀಡುವ ಉದ್ದೇಶದಿಂದ ಮನೆ ಖರೀದಿಸುವವರು ಮೊದಲು ನಗರಸಭೆ ಅಥವಾ ಪುರಸಭೆಯಿಂದ ಖಾತಾ ಪ್ರತಿಯನ್ನೂ, ಉಪನೋಂದಣಾಧಿಕಾರಿಗಳ ಕಚೇರಿಯಿಂದ ಋಣಭಾರ ಪ್ರಮಾಣಪತ್ರವನ್ನೂ ಪಡೆದು ಪರಿಶೀಲಿಸತಕ್ಕದ್ದು. ಮನೆಯು ಕಪಿಲಾ ನದಿಗೆ ಸಮೀಪವಿದ್ದಲ್ಲಿ 2018 ಮತ್ತು 2019ರ ಪ್ರವಾಹದ ನೀರು ಎಲ್ಲಿಯವರೆಗೆ ಬಂದಿತ್ತೆಂದು ನೆರೆಹೊರೆಯವರಲ್ಲಿ ವಿಚಾರಿಸುವುದು ಒಳಿತು. ಖಾತೆಯಲ್ಲಿ ಇದು ಕಾಣಸಿಗದು.

ಬಾಡಿಗೆ ಅವಧಿಯು ಒಂದು ವರ್ಷವನ್ನು ಮೀರಿದಲ್ಲಿ 1908ರ ನೋಂದಣಿ ಅಧಿನಿಯಮದ 17ನೇ ಪ್ರಕರಣದನ್ವಯ ಕರಾರು ಪತ್ರದ ನೋಂದಣಿ ಕಡ್ಡಾಯ. 11 ತಿಂಗಳ ಕರಾರು ರೂಢಿಗೆ ಬಂದಿರುವುದು ಇದೇ ಕಾರಣದಿಂದ. ಆದರೆ ಅದಕ್ಕೂ ಮುದ್ರಾಂಕ ಶುಲ್ಕ ಪಾವತಿಸಬೇಕು.

ಭೋಗ್ಯದ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಇಡಿಗಂಟು ಪಡೆದು, ಮಾಸಿಕ ಬಾಡಿಗೆಯಿಲ್ಲದೆ ಮನೆ ಬಿಟ್ಟುಕೊಡುವ ಈ ಪದ್ಧತಿಯಲ್ಲಿ ಮಾಲೀಕರ ಕೈಸೇರುವ ಹಣ ಆದಾಯವಲ್ಲ, ಹಿಂದಿರುಗಿಸಬೇಕಾದ ಸಾಲ. ಅದನ್ನು ಮತ್ತೊಂದು ನಿವೇಶನಕ್ಕೆ ತೊಡಗಿಸಿದವರು, ಹೊಸ ಭೋಗ್ಯದಾರರು ದೊರೆಯದೆ ಹಳಬರ ಹಣ ತೀರಿಸಲಾಗದೆ ವ್ಯಾಜ್ಯಕ್ಕೆ ಸಿಲುಕುವುದುಂಟು. ಭೋಗ್ಯ ಪತ್ರವನ್ನು ತಪ್ಪದೆ ನೋಂದಾಯಿಸತಕ್ಕದ್ದು.

ತಿಂಗಳ ಬಾಡಿಗೆಯಲ್ಲಿ, ಬೇರೆ ಕರಾರಿಲ್ಲದಿದ್ದಲ್ಲಿ, ತೆರವಿಗೆ 15 ದಿನಗಳ ಲಿಖಿತ ನೋಟಿಸು ನೀಡಬೇಕು. ನೀರು, ವಿದ್ಯುತ್ ಕಡಿತಗೊಳಿಸಿ ಒತ್ತಾಯಿಸುವಂತಿಲ್ಲ.

ಆಸ್ತಿ ತೆರಿಗೆಯನ್ನು ಏಪ್ರಿಲ್ ತಿಂಗಳಲ್ಲಿಯೇ ಪಾವತಿಸಿದಲ್ಲಿ ಶೇ. 5ರಷ್ಟು ರಿಯಾಯಿತಿಯಿದೆ. ರಶೀದಿಯನ್ನು ಜೋಪಾನವಾಗಿರಿಸುವುದು: ಆದಾಯ ತೆರಿಗೆಯ ಲೆಕ್ಕದಲ್ಲಿ ಈ ಮೊತ್ತವನ್ನು ಬಾಡಿಗೆಯಿಂದ ಕಳೆದು, ಉಳಿದುದರಲ್ಲಿ ಶೇ. 30ರಷ್ಟು ಕಡಿತ ದೊರೆಯುತ್ತದೆ.