ಹಳೆಯ ವಿಂಡೋಸ್‌ಗೆ ಮರಳಿದರೆ ಎಲ್ಲ ಸರಿಹೋಗುತ್ತದೆಯೇ?

ಆರ್‌.ಟಿ. ನಗರದಲ್ಲೋ ಯಲಹಂಕದಲ್ಲೋ ಇರುವ ಒಂದು ಡಿಟಿಪಿ ಅಂಗಡಿಯನ್ನು ಕಲ್ಪಿಸಿಕೊಳ್ಳಿ. ಮದುವೆಯ ಕರೆಯೋಲೆ, ಕ್ರಯಪತ್ರದ ಕರಡು, ಬಾಡಿಗೆ ಕರಾರು ಎಂದು ಇಪ್ಪತ್ತು ವರ್ಷಗಳ ಕೆಲಸವೆಲ್ಲ ಅಲ್ಲಿನ ಒಂದೇ ಕಂಪ್ಯೂಟರಿನಲ್ಲಿದೆ. ಅದಕ್ಕೆ ವಿಂಡೋಸ್‌ 11 ಹಾಕಿಸಿದ ಮರುದಿನ ಹಳೆಯ ಫೈಲ್‌ ತೆರೆದರೆ ಕನ್ನಡವೇ ಇಲ್ಲ, ಇಂಗ್ಲಿಷ್‌ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಪ್ರಿಂಟರ್‌ ಕೂಡ ಮಾತು ಕೇಳುತ್ತಿಲ್ಲ. ಎದುರಿಗೆ ಗಿರಾಕಿ ಕಾಯುತ್ತಿದ್ದಾರೆ. ಅಷ್ಟರಲ್ಲಿ ಪಕ್ಕದ ಅಂಗಡಿಯವರ ಸಲಹೆ ಬರುತ್ತದೆ: "ಹೊಸದೆಲ್ಲ ಹೀಗೇ ಸಾರ್‌, ಸುಮ್ನೆ ವಿಂಡೋಸ್‌ ಸೆವೆನ್‌ ಹಾಕಿಸ್ಬಿಡಿ. ನುಡಿ ಅದ್ರಲ್ಲಿ ಮಾತ್ರ ಓಡೋದು."

ಈ ಮಾತನ್ನು ನಾವೆಲ್ಲ ಒಂದಲ್ಲ ಒಂದು ಕಡೆ ಕೇಳಿರುತ್ತೇವೆ. ಇದು ಎಷ್ಟು ನಿಜ? ಹಿಂದಿನ ಆವೃತ್ತಿಗೆ ಮರಳುವುದು ಯಾವಾಗ ಸರಿ, ಯಾವಾಗ ಅಪಾಯ?

ಮೊದಲು ನುಡಿಯ ವಿಷಯವನ್ನೇ ನೋಡೋಣ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳು ಯೂನಿಕೋಡ್‌ ಫಾಂಟ್‌ಗಳಲ್ಲ. ಅವು ಇಂಗ್ಲಿಷ್‌ ಮತ್ತು ಯುರೋಪಿನ ಇತರ ಭಾಷೆಗಳ ಅಕ್ಷರಗಳಿಗೆ ಮೀಸಲಾದ ಜಾಗದಲ್ಲಿ ಕನ್ನಡ ಅಕ್ಷರಗಳ ಚಿತ್ರಗಳನ್ನು ಕೂರಿಸಿದ ಫಾಂಟ್‌ಗಳು. ಹಳೆಯ ನುಡಿಯಲ್ಲಿ 'ಕನ್ನಡ' ಎಂದು ಟೈಪ್‌ ಮಾಡಿದಾಗ ಫೈಲ್‌ನೊಳಗೆ ಉಳಿಯುವುದೇನು ಗೊತ್ತೇ? ದೊಡ್ಡ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್‌ ಚಿಹ್ನೆ, ಮತ್ತೆ ಅದೇ ಎ, ಜರ್ಮನ್‌ ಭಾಷೆಯ ಎಸ್ಸೆಟ್‌, ಸಣ್ಣ ಕ್ಯೂ, ಇನ್ನೊಮ್ಮೆ ಗೀಟಿನ ಎ. ಒಟ್ಟು ಏಳು ಸಂಕೇತಗಳು, ಅವುಗಳಲ್ಲಿ ಒಂದೂ ಕನ್ನಡದ್ದಲ್ಲ. ನುಡಿ ಫಾಂಟ್‌ ಎಂಬ ಅಂಗಿ ತೊಡಿಸಿದಾಗ ಮಾತ್ರ ಅವು ಕನ್ನಡದಂತೆ ಕಾಣುತ್ತವೆ. ಅಂಗಿ ಕಳಚಿದರೆ ಕಾಣುವುದೇ ಆ ಕಲಸುಮೇಲೋಗರ.

ಅಂದರೆ ನಮ್ಮ ಅಂಗಡಿಯಲ್ಲಿ ಕಾಣೆಯಾದದ್ದು ವಿಂಡೋಸ್‌ 7 ಅಲ್ಲ, ಫಾಂಟ್‌. ಹಾರ್ಡ್‌ ಡಿಸ್ಕ್‌ ಫಾರ್ಮ್ಯಾಟ್‌ ಮಾಡಿ ಹೊಸ ವಿಂಡೋಸ್‌ ಹಾಕಿದಾಗ, ಮೊದಲು ನಾವೇ ಸೇರಿಸಿದ್ದ ಫಾಂಟ್‌ಗಳೆಲ್ಲ ಅಳಿಸಿಹೋಗುತ್ತವೆ. ಅವನ್ನು ಮತ್ತೆ ಹಾಕಿಕೊಂಡರೆ ವಿಂಡೋಸ್‌ 11ರಲ್ಲೂ ಅದೇ ಫೈಲ್‌ ಅಚ್ಚುಕಟ್ಟಾಗಿ ತೆರೆದುಕೊಳ್ಳುತ್ತದೆ. ಒಂದು ಸಣ್ಣ ಸೂಕ್ಷ್ಮವಿದೆ: ಈಗಿನ ವಿಂಡೋಸ್‌ನಲ್ಲಿ ಫಾಂಟ್‌ ಮೇಲೆ ಸುಮ್ಮನೆ 'ಇನ್‌ಸ್ಟಾಲ್‌' ಒತ್ತಿದರೆ ಅದು ಆ ಬಳಕೆದಾರರೊಬ್ಬರಿಗೆ ಮಾತ್ರ ಸೇರುತ್ತದೆ. ಪೇಜ್‌ಮೇಕರ್‌ನಂತಹ ಹಳೆಯ ತಂತ್ರಾಂಶಗಳಿಗೆ ಹೀಗೆ ಸೇರಿಸಿದ ಫಾಂಟ್‌ ಕಾಣದೆ ಹೋಗಬಹುದು. ಫಾಂಟ್‌ ಫೈಲ್‌ ಮೇಲೆ ಬಲಕ್ಲಿಕ್‌ ಮಾಡಿ 'ಇನ್‌ಸ್ಟಾಲ್‌ ಫಾರ್‌ ಆಲ್‌ ಯೂಸರ್ಸ್‌' ಆರಿಸಿಕೊಳ್ಳಿ. "ಹೊಸ ವಿಂಡೋಸ್‌ನಲ್ಲಿ ಕನ್ನಡ ಬರೊಲ್ಲ" ಎಂಬ ಎಷ್ಟೋ ದೂರುಗಳು ಇಲ್ಲಿಗೇ ಮುಗಿಯುತ್ತವೆ.

ನಿಜ ಹೇಳಬೇಕೆಂದರೆ, ಹಿಂದಕ್ಕೆ ಹೋದಷ್ಟೂ ಕನ್ನಡಕ್ಕೆ ನಷ್ಟವೇ. ವಿಂಡೋಸ್‌ನಲ್ಲಿ ಕನ್ನಡ ಯೂನಿಕೋಡ್‌ ಬೆಂಬಲ ಬಂದದ್ದು 2001ರ ವಿಂಡೋಸ್‌ ಎಕ್ಸ್‌ಪಿಯಿಂದ, 'ತುಂಗಾ' ಫಾಂಟ್‌ನ ಜೊತೆ. ವಿಂಡೋಸ್‌ 8ರಿಂದ ಈಚೆಗೆ ಕನ್ನಡಕ್ಕೆ 'ನಿರ್ಮಲಾ ಯುಐ' ಇದೆ. ಯೂನಿಕೋಡ್‌ನಲ್ಲಿ 'ಕನ್ನಡ' ಎಂದರೆ ಕ, ನ, ಹಲಂತದ ಗುರುತು, ನ, ಡ ಎಂಬ ಐದು ಸಂಕೇತಗಳು. ಎಲ್ಲವೂ ಕನ್ನಡದವೇ ಆದ್ದರಿಂದ ಯಾವ ಕಂಪ್ಯೂಟರಿಗೆ, ಯಾವ ಫೋನಿಗೆ ಕಳಿಸಿದರೂ ಕನ್ನಡವಾಗಿಯೇ ಉಳಿಯುತ್ತದೆ. ಹಳೆಯ ಫೈಲ್‌ಗಳನ್ನು ಯೂನಿಕೋಡ್‌ಗೆ ಬದಲಿಸಲು ಉಚಿತ ಪರಿವರ್ತಕಗಳಿವೆ. ಆದರೆ ಕ್ರಯಪತ್ರದಂತಹ ದಾಖಲೆಯನ್ನು ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ಒಂದೊಂದಾಗಿ ಓದಿ ನೋಡಬೇಕು. ಸರ್ವೆ ನಂಬರಿನ ಒಂದು ಅಂಕಿ ತಪ್ಪಿದರೂ ಕಷ್ಟ. ಮೂಲ ಫೈಲ್‌ ಹಾಗೇ ಇರಲಿ.

ಹಾಗಾದರೆ ಹೊಸ ವಿಂಡೋಸ್‌ನಿಂದ ನಿಜವಾದ ತೊಂದರೆಯೇ ಇಲ್ಲವೆ?

ಇದೆ. ಅದನ್ನು ನೋಡಲು ಯಶವಂತಪುರದ ಎಪಿಎಂಸಿ ಯಾರ್ಡಿನಂತಹ ಜಾಗಕ್ಕೆ ಹೋಗಬೇಕು. ಇಂತಹ ಮಾರುಕಟ್ಟೆಗಳ ಮಂಡಿಯೊಂದರಲ್ಲಿ ಡಾಸ್‌ ಕಾಲದ ಲೆಕ್ಕದ ತಂತ್ರಾಂಶ, ಅದರಿಂದ ನೇರವಾಗಿ ಡಾಟ್‌ ಮ್ಯಾಟ್ರಿಕ್ಸ್‌ ಪ್ರಿಂಟರಿಗೆ ಹೋಗುವ ಬಿಲ್ಲು ಇದ್ದರೆ, ಅವರ ಕಷ್ಟ ಬರಿಯ ಫಾಂಟ್‌ ಹಾಕಿದರೆ ಹೋಗುವಂಥದ್ದಲ್ಲ. ವಿಂಡೋಸ್‌ 7 ಮತ್ತು 10ರಲ್ಲಿ 32 ಬಿಟ್‌, 64 ಬಿಟ್‌ ಎಂಬ ಎರಡು ಬಗೆಗಳಿದ್ದವು. ವಿಂಡೋಸ್‌ 11 ಬರುವುದು 64 ಬಿಟ್‌ನಲ್ಲಿ ಮಾತ್ರ. ಡಾಸ್‌ ಕಾಲದ 16 ಬಿಟ್‌ ತಂತ್ರಾಂಶಗಳನ್ನು ನಡೆಸುವ ಏರ್ಪಾಡು 32 ಬಿಟ್‌ ವಿಂಡೋಸ್‌ನಲ್ಲಿ ಇತ್ತು, 64 ಬಿಟ್‌ನಲ್ಲಿ ಇಲ್ಲ. ಜೊತೆಗೆ ಪ್ರಿಂಟರ್‌, ಸ್ಕ್ಯಾನರ್‌ಗಳನ್ನು ನಡೆಸುವ ಡ್ರೈವರ್‌ ಕೂಡ 64 ಬಿಟ್‌ನದೇ ಆಗಿರಬೇಕು. ತಯಾರಕರು ಅಂತಹ ಡ್ರೈವರ್‌ ಬರೆದಿಲ್ಲದಿದ್ದರೆ ಗಟ್ಟಿಮುಟ್ಟಾದ ಯಂತ್ರವೂ ಮೂಲೆಗೆ. ಕೆಲವು ಹಳೆಯ ತಂತ್ರಾಂಶಗಳ ಜೊತೆ ಬರುತ್ತಿದ್ದ ಡಾಂಗಲ್‌ಗಳ ಕಥೆಯೂ ಇದೇ.

ಆದ್ದರಿಂದ ತೀರ್ಮಾನಕ್ಕೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ತೊಂದರೆ ಇರುವುದು ಎಲ್ಲಿ? ಫಾಂಟ್‌ನಲ್ಲೋ, ಡ್ರೈವರ್‌ನಲ್ಲೋ, ತಂತ್ರಾಂಶದಲ್ಲೋ, ಅಥವಾ ನಮ್ಮ ಅಭ್ಯಾಸದಲ್ಲೋ? ಅಭ್ಯಾಸದ್ದಾದರೆ ಎರಡು ವಾರದಲ್ಲಿ ಸರಿಹೋಗುತ್ತದೆ. ನಡುವೆ ಬಂದು ಕೂತ ಟಾಸ್ಕ್‌ಬಾರ್‌ ಗುಂಡಿಗಳನ್ನು ಸೆಟ್ಟಿಂಗ್ಸ್‌ನಲ್ಲಿ ಎಡಕ್ಕೆ ಸರಿಸಬಹುದು, ಶಿಫ್ಟ್‌ ಹಿಡಿದು ಬಲಕ್ಲಿಕ್‌ ಮಾಡಿದರೆ ಹಳೆಯ ಮೆನು ಬರುತ್ತದೆ. 'ನಿಧಾನವಾಯಿತು' ಎಂಬ ದೂರಾದರೆ ಮೊದಲು ಒಂದೆರಡು ದಿನ ಕಾಯಿರಿ. ಅಪ್‌ಗ್ರೇಡ್‌ ಆದ ತಕ್ಷಣ ಕಂಪ್ಯೂಟರ್‌ ಹಿನ್ನೆಲೆಯಲ್ಲಿ ಅಪ್‌ಡೇಟ್‌ ಇಳಿಸಿಕೊಳ್ಳುವ, ಫೈಲ್‌ಗಳ ಸೂಚಿ ತಯಾರಿಸುವ ಕೆಲಸದಲ್ಲಿರುತ್ತದೆ. ಆಮೇಲೂ ನಿಧಾನವೇ ಆದರೆ, ತಿರುಗುವ ಹಾರ್ಡ್‌ ಡಿಸ್ಕ್‌ ತೆಗೆದು ಎಸ್‌ಎಸ್‌ಡಿ ಹಾಕಿಸುವುದು ಹಳೆಯ ವಿಂಡೋಸ್‌ಗೆ ಮರಳುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ತೊಂದರೆ ಡ್ರೈವರ್‌ನದೋ ತಂತ್ರಾಂಶದ್ದೋ ಆಗಿ, ದಾರಿಯೇ ಕಾಣದಿದ್ದರೆ ವಿಂಡೋಸ್‌ 10ಕ್ಕೆ ಮರಳುವ ಅವಕಾಶವನ್ನು ಮೈಕ್ರೋಸಾಫ್ಟ್‌ ತಾನೇ ಇಟ್ಟಿದೆ. ಅಪ್‌ಗ್ರೇಡ್‌ ಆದ 10 ದಿನಗಳ ಒಳಗೆ ಸೆಟ್ಟಿಂಗ್ಸ್‌, ಸಿಸ್ಟಮ್‌, ರಿಕವರಿ ಎಂದು ಹೋದರೆ 'ಗೋ ಬ್ಯಾಕ್‌' ಗುಂಡಿ ಸಿಗುತ್ತದೆ. ನಿಮ್ಮ ಫೈಲ್‌ಗಳು ಉಳಿಯುತ್ತವೆ, ಅಪ್‌ಗ್ರೇಡ್‌ ನಂತರ ಹಾಕಿದ ತಂತ್ರಾಂಶಗಳು ಮತ್ತು ಬದಲಿಸಿದ ಸೆಟ್ಟಿಂಗ್‌ಗಳು ಹೋಗುತ್ತವೆ. ಈ ಸೌಲಭ್ಯ ನಿಂತಿರುವುದು ಸಿ ಡ್ರೈವ್‌ನಲ್ಲಿ ಕೂತಿರುವ 'ವಿಂಡೋಸ್‌ ಡಾಟ್‌ ಓಲ್ಡ್‌' ಎಂಬ ಫೋಲ್ಡರ್‌ ಮೇಲೆ. ಜಾಗ ತಿನ್ನುತ್ತಿದೆ ಎಂದು ಅದನ್ನು ಅಳಿಸಿದರೆ ಹಿಂದಿರುಗುವ ದಾರಿ ಮುಚ್ಚಿತು. ಹತ್ತು ದಿನ ಕಳೆದರೆ ವಿಂಡೋಸ್‌ ತಾನೇ ಅದನ್ನು ಅಳಿಸುತ್ತದೆ. ನಮ್ಮ ಡಿಟಿಪಿ ಅಂಗಡಿಯಲ್ಲಾದಂತೆ ಫಾರ್ಮ್ಯಾಟ್‌ ಮಾಡಿ ಹಾಕಿದ್ದರೆ ಈ ಗುಂಡಿಯೇ ಇರುವುದಿಲ್ಲ. ಹೊಸದನ್ನು ಹಳೆಯದರ ಮೇಲೆಯೇ ಅಪ್‌ಗ್ರೇಡ್‌ ಮಾಡಿದವರಿಗೆ ಮಾತ್ರ ಇದು ಲಭ್ಯ.

ಆದರೆ ಮರಳಿ ಹೋಗುವ ಜಾಗವೂ ಈಗ ಅಷ್ಟು ಗಟ್ಟಿಯಾಗಿಲ್ಲ. ವಿಂಡೋಸ್‌ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್‌ 14ಕ್ಕೆ ಮುಗಿದಿದೆ. ಮನೆಬಳಕೆಯ ಕಂಪ್ಯೂಟರುಗಳಿಗಾಗಿ ಪ್ರಕಟಿಸಿದ ವಿಸ್ತರಿತ ಭದ್ರತಾ ಯೋಜನೆಗೆ ಸೇರಿಕೊಂಡವರಿಗೆ 2026ರ ಅಕ್ಟೋಬರ್‌ 13ರವರೆಗೆ ಭದ್ರತಾ ಅಪ್‌ಡೇಟ್‌ಗಳು ಸಿಗುತ್ತವೆ. ಮೈಕ್ರೋಸಾಫ್ಟ್‌ ಖಾತೆಯಿದ್ದು, ಸೆಟ್ಟಿಂಗ್‌ಗಳನ್ನು ಅದರ ಕ್ಲೌಡ್‌ಗೆ ಬ್ಯಾಕಪ್‌ ಮಾಡಲು ಒಪ್ಪಿದರೆ ಇದಕ್ಕೆ ಹಣ ಕೊಡಬೇಕಿಲ್ಲ. ಕಂಪ್ಯೂಟರ್‌ ಹಳೆಯದಾಗಿ ವಿಂಡೋಸ್‌ 11ಕ್ಕೆ ಬೇಕಾದ ಟಿಪಿಎಂ 2.0 ಚಿಪ್‌ ಇಲ್ಲದವರಿಗೂ ಸದ್ಯಕ್ಕೆ ಇದೇ ದಾರಿ. ಲಿನಕ್ಸ್‌ ಕೂಡ ಒಂದು ಆಯ್ಕೆ, ಅದರಲ್ಲಿ ಕನ್ನಡ ಯೂನಿಕೋಡ್‌ ಚೆನ್ನಾಗಿಯೇ ನಡೆಯುತ್ತದೆ. ಪೇಜ್‌ಮೇಕರ್‌ ನಂಬಿದವರಿಗೆ ಮಾತ್ರ ಅದು ಸುಲಭದ ಬದಲಾವಣೆಯಲ್ಲ.

ಇನ್ನು ಪಕ್ಕದ ಅಂಗಡಿಯವರ ವಿಂಡೋಸ್‌ 7. ಅದರ ಸಾಮಾನ್ಯ ಬೆಂಬಲ ನಿಂತದ್ದು 2020ರ ಜನವರಿ 14ರಂದು. 2023ರಿಂದ ಈಚೆಗೆ ಕ್ರೋಮ್‌ನ ಹೊಸ ಆವೃತ್ತಿಗಳು ಅದರಲ್ಲಿ ನಡೆಯುವುದಿಲ್ಲ, 109ಕ್ಕೇ ಕೊನೆ. ಕಾವೇರಿ, ಸೇವಾಸಿಂಧು, ಬ್ಯಾಂಕು ಎಂದು ದಿನವಿಡೀ ಬ್ರೌಸರ್‌ನಲ್ಲೇ ಕೆಲಸ ಮಾಡುವ, ಗಿರಾಕಿಗಳ ಆಧಾರ್‌ ಪ್ರತಿ ಸ್ಕ್ಯಾನ್‌ ಮಾಡುವ ಅಂಗಡಿಗೆ ಇದು ತಕ್ಕ ಜಾಗವಲ್ಲ. ಅಪಾಯಕ್ಕೆ ಸಿಗುವುದು ಅಂಗಡಿಯವರ ಮಾಹಿತಿಯಷ್ಟೇ ಅಲ್ಲ, ಗಿರಾಕಿಗಳದೂ ಹೌದು.

'ಹಳೆಯದಕ್ಕೆ ವೈರಸ್‌ ಬರೆಯುವವರೇ ಇಲ್ಲ, ಹಾಗಾಗಿ ಅದೇ ಕ್ಷೇಮ' ಎನ್ನುವ ನಂಬಿಕೆಯೂ ಇದೆ. 2017ರ ಮೇ ತಿಂಗಳ ವಾನ್ನಾಕ್ರೈ ದಾಳಿಯನ್ನು ನೆನಪಿಸಿಕೊಳ್ಳಿ. ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ಈ ಕುತಂತ್ರಾಂಶ ಆಂಧ್ರಪ್ರದೇಶ ಪೊಲೀಸ್‌ ಇಲಾಖೆಯ ಕೆಲವು ಕಂಪ್ಯೂಟರ್‌ಗಳನ್ನೂ ಬಿಡಲಿಲ್ಲ. ಎಕ್ಸ್‌ಪಿ ಹಳತಾದ್ದರಿಂದ ಹೀಗಾಯಿತು ಎಂಬ ಮಾತು ಆಗ ಹರಡಿತ್ತು. ನಿಜದಲ್ಲಿ ಸಿಕ್ಕಿಬಿದ್ದವುಗಳಲ್ಲಿ ಬಹುಪಾಲು ವಿಂಡೋಸ್‌ 7. ಆಗ ಅದಕ್ಕೆ ಬೆಂಬಲವೂ ಇತ್ತು, ತೂತು ಮುಚ್ಚುವ ಅಪ್‌ಡೇಟ್‌ ಅದೇ ವರ್ಷದ ಮಾರ್ಚ್‌ನಲ್ಲೇ ಬಂದಿತ್ತು. ಅದನ್ನು ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಕೆಡುಕು ಬರುವುದು ವಯಸ್ಸಿನಿಂದಲ್ಲ, ಅಪ್‌ಡೇಟ್‌ ಇಲ್ಲದಿರುವುದರಿಂದ. ಬೆಂಬಲ ನಿಂತ ವಿಂಡೋಸ್‌ನಲ್ಲಿ ಹಾಕಿಕೊಳ್ಳೋಣವೆಂದರೂ ಅಪ್‌ಡೇಟ್‌ ಇರುವುದಿಲ್ಲ. ಅಷ್ಟು ಸಾಲದೆಂಬಂತೆ, ಯಾರದೋ ಪೆನ್‌ಡ್ರೈವ್‌ನಿಂದ ಹಾಕಿಕೊಡುವ ಕದ್ದ ಪ್ರತಿಯೊಳಗೆ ಇನ್ನೇನು ಸೇರಿದೆ ಎಂದು ನೋಡಿದವರು ಯಾರು?

ಹಾಗೆಂದು ಮಂಡಿಯ ಹಳೆಯ ಲೆಕ್ಕವನ್ನು ಎಸೆಯಬೇಕಿಲ್ಲ. ಹಳೆಯ ವ್ಯವಸ್ಥೆ ಹಳೆಯ ಕೆಲಸಕ್ಕೆ ಮಾತ್ರ ಉಳಿಯಲಿ, ಅದಕ್ಕೆ ಇಂಟರ್ನೆಟ್‌ ಬೇಡ. ವೈಫೈ ಆರಿಸಿ, ನೆಟ್‌ವರ್ಕ್‌ ಕೇಬಲ್‌ ಕಿತ್ತಿಟ್ಟ ಒಂದು ಹಳೆಯ ಕಂಪ್ಯೂಟರ್‌ ಬಿಲ್ಲು ಮುದ್ರಿಸುತ್ತ ಕೂತರೆ ನಮ್ಮ ತಕರಾರಿಲ್ಲ. ಇಮೇಲ್‌, ಬ್ಯಾಂಕು, ಜಿಎಸ್‌ಟಿ ಇನ್ನೊಂದರಲ್ಲಿ ಆಗಲಿ. ಎರಡರ ನಡುವೆ ಓಡಾಡುವ ಪೆನ್‌ಡ್ರೈವ್‌ ಮೇಲೆ ಕಣ್ಣಿರಲಿ, ವೈರಸ್‌ಗೆ ಆ ದಾರಿಯೂ ಗೊತ್ತು. ಎರಡು ಯಂತ್ರಕ್ಕೆ ಜಾಗವಿಲ್ಲದಿದ್ದರೆ ಹೊಸ ವಿಂಡೋಸ್‌ನೊಳಗೇ ವರ್ಚುವಲ್‌ಬಾಕ್ಸ್‌ನಂತಹ ತಂತ್ರಾಂಶದಲ್ಲಿ ಹಳೆಯದನ್ನು ನಡೆಸಬಹುದು, ಡಾಸ್‌ ತಂತ್ರಾಂಶಗಳಿಗೆ ಡಾಸ್‌ಬಾಕ್ಸ್‌ ಇದೆ. ಮುದ್ರಣದ ವಿಷಯದಲ್ಲಿ ಇವು ಸ್ವಲ್ಪ ಸತಾಯಿಸುತ್ತವೆ ಎಂಬುದನ್ನೂ ಹೇಳಿಬಿಡುತ್ತೇವೆ.

ಮರಳುವುದೆಂದೇ ತೀರ್ಮಾನಿಸಿದ್ದರೆ, ರಿಪೇರಿಯವರನ್ನು ಕರೆಯುವ ಮೊದಲು ಎರಡು ಕೆಲಸ. ಡೆಸ್ಕ್‌ಟಾಪ್‌, ಡಾಕ್ಯುಮೆಂಟ್ಸ್‌ ಜೊತೆಗೆ ಫಾಂಟ್ಸ್‌ ಫೋಲ್ಡರನ್ನೂ ಹೊರಗಿನ ಹಾರ್ಡ್‌ ಡಿಸ್ಕ್‌ಗೆ ನಕಲು ಮಾಡಿ, ಆ ನಕಲಿನಿಂದ ಒಂದೆರಡು ಫೈಲ್‌ ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಎರಡನೆಯದು ಬಿಟ್‌ಲಾಕರ್‌. ವಿಂಡೋಸ್‌ 11 ಇರುವ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಡಿಸ್ಕ್‌ ನಮಗೆ ಅರಿವಿಲ್ಲದಂತೆಯೇ ಗೂಢಲಿಪಿಯಲ್ಲಿರುತ್ತದೆ. ಹೊರಗಿನಿಂದ ಏನಾದರೂ ಬದಲಿಸಲು ಹೋದಾಗ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್‌ ಖಾತೆಯಲ್ಲಿ ಉಳಿದಿರುತ್ತದೆ. ಆ ಖಾತೆಯನ್ನು ಅಂಗಡಿಯ ಹಳೆಯ ಹುಡುಗ ತನ್ನ ಇಮೇಲ್‌ನಲ್ಲಿ ತೆರೆದಿದ್ದರೆ ಕೀ ಇರುವುದೂ ಅವನ ಬಳಿಯೇ. ಕೀ ಇಲ್ಲದೆ ಆ ಡಿಸ್ಕ್‌ನಲ್ಲಿರುವುದನ್ನು ಓದಲು ಮೈಕ್ರೋಸಾಫ್ಟ್‌ನವರಿಂದಲೂ ಆಗದು. ಕಂಪ್ಯೂಟರ್‌ ಸರಿಯಾಗಿ ಶುರುವಾಗುತ್ತಿರುವಾಗಲೇ ಅದನ್ನು ಹುಡುಕಿ, ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.